ಹಾಲಿಲ್ಲದ ಪಾಲೆಯ ಕೆತ್ತೆ

ಆಟಿ ತಿಂಗಳ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಪದ್ಧತಿಯನ್ನು ಕಾಸರಗೋಡಿನ ಕಡೆಯವರಿಗೆ ನಾವು ವಿವರಿಸಬೇಕಾಗಿಲ್ಲ. ಆದರೆ ಸೊಲ್ಲಾಪುರ, ಹೊಸೂರು, ಆದವಾನಿಗಳ ಕನ್ನಡ ಮನೆಗಳವರಿಗೆ ಇದು ಹೊಸತಾದೀತು. ಅವರಿಗಾಗಿ ನಾಲ್ಕು ಮಾತು.

ಸೌರಮಾನದ ಕರ್ಕಾಟಕ ಮಾಸವೇ ತುಳುವರ ಆಟಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ತಿಂಗಳು ನಮ್ಮ ಹಿರಿಯರ ಕಾಲದಲ್ಲಿ ಹಸಿವಿನ ತಿಂಗಳಾಗಿತ್ತು. ನೇಜಿ ನೆಟ್ಟು ಮುಗಿದಿರುತ್ತಿತ್ತು, ಕಣಜ ಬರಿದಾಗಿರುತ್ತಿತ್ತು, ಹೊರಗೆ ಹೆಜ್ಜೆಯಿಡಗೊಡದ ಮಳೆ. ಗುಡ್ಡೆಯಲ್ಲಿ ತಾನಾಗಿ ಹುಟ್ಟಿದ ತಗತೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕಣಿಲೆ, ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಇವುಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಮೈಯ ಬಲ ಕುಗ್ಗಿ ಜ್ವರ, ಬೇಧಿಗಳು ಕಾಡುವ ಈ ಕಾಲಕ್ಕೆ ಪಾಲೆಯ ಕಷಾಯವೇ ರಕ್ಷೆಯೆಂಬುದು ನಂಬಿಕೆ. ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲೇ ಮನೆಯ ಗಂಡಸೊಬ್ಬ ಮರದ ಬಳಿಗೆ ಹೋಗಬೇಕು. ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಕೆತ್ತೆ ತೆಗೆಯಬೇಕು. ಅದನ್ನು ಬೆಳ್ಳುಳ್ಳಿ, ಕರಿಮೆಣಸು, ಓಮಗಳೊಂದಿಗೆ ಅರೆದು ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಆ ರಸದಲ್ಲಿ ಮುಳುಗಿಸಿದರೆ ಒಗ್ಗರಣೆಯಾಯಿತು. ಬರಿಹೊಟ್ಟೆಯಲ್ಲಿ ಒಂದಿಷ್ಟು ಕುಡಿದು, ಬಳಿಕ ಉಷ್ಣ ತಣಿಯಲೆಂದು ಮೆಂತೆಯ ಗಂಜಿ ಉಣ್ಣುವುದು ಕ್ರಮ. ಕಹಿಯೆಂದರೆ ಎಂಥ ಕಹಿ! ನಾವು ಚಿಕ್ಕವರಿದ್ದಾಗ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದರು. ಅನಂತರ ಕೈಗೆ ಕೊಡುತ್ತಿದ್ದ ಬೆಲ್ಲದ ತುಂಡಿನ ಆಸೆಯಿಂದಲೇ ನುಂಗುತ್ತಿದ್ದೆವು.

ಸಂಸ್ಕೃತದಲ್ಲಿ ಸಪ್ತಪರ್ಣ, ಮಲಯಾಳದಲ್ಲಿ ಏಳಿಲಂಪಾಲ. ಒಂದು ಗಿಣ್ಣಿನಲ್ಲಿ ಸುತ್ತಲೂ ಐದಾರೇಳು ಎಲೆಗಳು ಕೊಡೆಯಂತೆ ಬಿಡಿಸಿಕೊಂಡಿರುತ್ತವೆ. ಎಲ್ಲಿ ಗಾಯಮಾಡಿದರೂ ಬೆಳ್ಳಗೆ ಹಾಲು ಒಸರುತ್ತದೆ. ಯಕ್ಷಿ ಈ ಮರದಲ್ಲಿ ವಾಸಿಸುವಳೆಂದು ಮಲಯಾಳಿಗಳು ಮಕ್ಕಳನ್ನು ಹೆದರಿಸುವುದುಂಟು. ಶಾಲಾಮಾಸ್ತರರಾದ ನಮಗೆ ಮಾತ್ರ ಈ ಮರದ ಮೇಲೆ ಬೇರೊಂದು ಕಾರಣಕ್ಕೆ ಅಭಿಮಾನ. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು ಆಲ್‌ಸ್ಟೋನಿಯ ಸ್ಕಾಲಾರಿಸ್. ಹಿಂದೆ ಶಾಲೆಯ ಮಕ್ಕಳು ಬರೆಯುವ ಹಲಗೆಗಳನ್ನು ಇದರ ಹಗುರವಾದ ಮರದಿಂದ ಮಾಡುತ್ತಿದ್ದರಾದ್ದರಿಂದ ಆ ಎರಡನೆಯ ಪದ ಬಂದಿತು. ಇದನ್ನು ನಾವು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆವು. ಹೇಳಿ ಹೇಳಿ, ಆ ಮರವನ್ನು ನಾವು ಬಲ್ಲೆವೆಂಬ ಭ್ರಮೆಯೂ ನಮಗೆ ಬೆಳೆದಿತ್ತು.

2018ರ ಆಟಿ ಅಮಾವಾಸ್ಯೆ ಆಗಸ್ಟ್ 11ರಂದು ಬಂತು. ಎರಡನೆಯ ಶನಿವಾರ, ಕರ್ಕಾಟಕ ವಾವೂ ಹೌದು, ಶಾಲೆಗೆ ರಜೆ. ಆದರೂ ಅಂದು ಬೆಳಿಗ್ಗೆ ಏಳು ಗಂಟೆಗೆ ಶಾಲೆಯಲ್ಲಿ ಕಷಾಯ ಹಂಚುವ ಕಾರ್ಯಕ್ರಮವನ್ನು ಇರಿಸಿಕೊಂಡಿದ್ದೆವು. ಆಟಿಯ ತಿಂಡಿಗಳನ್ನೂ ಆಚಾರಗಳನ್ನೂ ವೇದಿಕೆಯೇರಿಸುವುದು ಈಚಿನ ವರ್ಷಗಳಲ್ಲಿ ಊರೂರಿನ ಸಂಭ್ರಮವಷ್ಟೆ. ನಮ್ಮ ಶಾಲೆ ಹಿಂದೆ ಬೀಳಬಾರದೆಂಬ ಹುರುಪು ನಮಗೂ ಇತ್ತೆಂದು ಒಪ್ಪಿಕೊಳ್ಳಬೇಕು. ಗುಡ್ಡೆಯ ಮೇಲಿನ ಸಣ್ಣ ಕನ್ನಡ ಶಾಲೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಶಾಲೆ. ಇಂಥ ನಾಲ್ಕು ಕಾರ್ಯಕ್ರಮಗಳಾದರೆ ಹೆತ್ತವರು ಹತ್ತಿರ ಬಂದಾರು ಎಂಬ ಲೆಕ್ಕಾಚಾರವೂ ಸೇರಿತ್ತು.

ಕೆತ್ತೆ ತರುವ ಹೊಣೆಯನ್ನು ರಕ್ಷಕರಲ್ಲಿ ಒಬ್ಬರು ಹೊತ್ತರು. ಶಾಲೆಯ ಹತ್ತಿರ ಪಾಲೆ ಎಲ್ಲಿದೆ ಎಂದು ಮುನ್ನಾದಿನ ಸಂಜೆ ಫೋನಿನಲ್ಲಿ ಕೇಳಿದರು. "ಹಳೆಯ ಕಟ್ಟೆ ಇದೆಯಲ್ಲ, ಅದರ ಬಲಭಾಗದ ಮರ" ಎಂದೆವು. ನಾವು ಹೇಳಿದ್ದು ಶಾಲೆಯಿಂದ ಇಳಿದು ಹೋಗುವವರ ಬಲಭಾಗ. ಅವರು ಬಂದದ್ದು ಕೆಳಗಿನ ತೋಡಿನ ದಾರಿಯಿಂದ. ಬೆಳಗಿನ ನಾಲ್ಕೂವರೆ ಗಂಟೆ, ಧಾರಾಕಾರ ಮಳೆ, ಕ್ರಮದಂತೆ ದೀಪವಿಲ್ಲ. ಅವರ ಬಲಭಾಗಕ್ಕಿದ್ದುದು ಕಾಸರಕನ ಮರ.

ದಿಕ್ಕುಗಳ ಪಾಠವನ್ನು ಮೂರನೆಯ ತರಗತಿಗೆ ನಾವೇ ಮಾಡುತ್ತೇವೆ.

ಕಾಸರಕನೆಂದರೆ ಮಲಯಾಳಿಗಳ ಕಾಂಞಿರ. ಕಾಸರಗೋಡೆಂಬ ಹೆಸರೇ ಈ ಮರದಿಂದ ಬಂತೆನ್ನುವವರುಂಟು. ಕಿತ್ತಳೆಯಂತೆ ಕಾಣುವ ಹಣ್ಣು, ಒಳಗೆ ಗುಂಡಿಯಂತಹ ಚಪ್ಪಟೆ ಬೀಜ. ಬೀಜದಲ್ಲಿಯೂ ಕೆತ್ತೆಯಲ್ಲಿಯೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಇದೇ ಜಾತಿಗೆ ಸೇರಿದ ಇನ್ನೊಂದು ಗಿಡದ ಬೀಜದಿಂದ ಸ್ಟ್ರಿಕ್ನಿನ್ನನ್ನು 1818ರಲ್ಲಿ ಪ್ರತ್ಯೇಕಿಸಿದವರು ಪೆಲೆಟಿಯೇ ಮತ್ತು ಕಾವಂಟೂ ಎಂಬ ಇಬ್ಬರು ಫ್ರೆಂಚರು. ಎರಡು ವರ್ಷಗಳ ಬಳಿಕ ಸಿಂಕೋನ ಮರದ ತೊಗಟೆಯಿಂದ ಮಲೇರಿಯಾದ ಮದ್ದಾದ ಕ್ವಿನೀನನ್ನು ತೆಗೆದವರೂ ಅವರೇ. ವೈದ್ಯರು ಕಾಸರಕನ ಬೀಜವನ್ನು ಹಾಲಿನಲ್ಲಿಯೂ ತುಪ್ಪದಲ್ಲಿಯೂ ಶೋಧಿಸಿ ಅಳತೆಯಿಂದ ಔಷಧಕ್ಕೆ ಬಳಸುತ್ತಾರೆ. ಅದು ಅವರ ವಿದ್ಯೆ. ಲೋಟದಲ್ಲಿ ಕುಡಿಯುವವರ ಗತಿ ಬೇರೆ.

ಆರು ಗಂಟೆಗೆ ಕೆತ್ತೆ ಶಾಲೆಗೆ ಬಂತು. ಚೆನ್ನಾಗಿ ತೊಳೆದು ಬಾಳೆಲೆಯಲ್ಲಿ ಕಟ್ಟಿ ತಂದಿದ್ದರು. ಮಧ್ಯಾಹ್ನದೂಟದ ಅಡುಗೆಯ ಅಕ್ಕ ಆಗಲೇ ಕಲ್ಲು ಕಾಯಿಸಲಿಟ್ಟಿದ್ದರು. ಆಕೆಗೆ ಎಪ್ಪತ್ತರ ಹತ್ತಿರ; ಓದು ಬರಹ ಬಾರದು; ಬಾಲ್ಯವೆಲ್ಲ ಗುಡ್ಡೆಯಲ್ಲಿ ಸೊಪ್ಪು ಸವರುವುದರಲ್ಲಿ ಕಳೆದದ್ದು. ನಾವು ಬ್ಯಾನರು ಕಟ್ಟಿಸುತ್ತ ಜಗಲಿಯಲ್ಲಿದ್ದಾಗ ಆಕೆ ಒಂದು ತುಂಡನ್ನು ಕೈಯಲ್ಲಿ ಹಿಡಿದು ಬಂದರು.

"ಮಾಸ್ಟ್ರೇ, ಇದು ಯಾವ ಮರದ್ದು?"

"ಪಾಲೆಯದ್ದು ಅಕ್ಕಾ, ಮತ್ತೆ ಯಾವುದು?"

"ಪಾಲೆಯದ್ದಾದರೆ ಹಾಲೆಲ್ಲಿ?"

ತೊಳೆದುದರಿಂದ ಹೋಗಿರಬೇಕೆಂದು ನಾವು ಹೇಳಿದೆವು. ಆಕೆ ಏನೂ ಅನ್ನದೆ ತುಂಡನ್ನು ನಮ್ಮೆದುರಿಗೇ ಮುರಿದರು. ಮುರಿದ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಪಾಲೆಯಾದರೆ ಬಿಳಿ ಅಂಟು ಮೂಡಬೇಕಿತ್ತು. ಹಸಿ ಕೆತ್ತೆ, ಆದರೆ ಬೆರಳು ಒಣಗಿಯೇ ಇತ್ತು. "ನಾನು ಇದನ್ನು ಅರೆಯುವುದಿಲ್ಲ" ಎಂದು ಹೇಳಿ ತುಂಡನ್ನು ನಮ್ಮ ಮೇಜಿನ ಮೇಲಿಟ್ಟು ಒಳಗೆ ಹೋದರು.

ನಮಗೆ ಮೊದಲು ಬಂದದ್ದು ಸಿಟ್ಟು. ನಲುವತ್ತು ಮಂದಿ ಮಕ್ಕಳೂ ಅವರ ಹೆತ್ತವರೂ ಬರುವ ಹೊತ್ತು. ಆದರೂ ಕೊಡೆ ಹಿಡಿದುಕೊಂಡು ಕಟ್ಟೆಯ ಬಳಿಗಿಳಿದೆವು. ಅಷ್ಟರಲ್ಲಿ ಬೆಳಕು ಮೂಡಿತ್ತು. ಪಾಲೆಯ ಬುಡ ಹಾಗೆಯೇ ಇತ್ತು. ಆಚೆ ಬದಿಯ ಮರದ ಕೆತ್ತೆ ಒಂದು ಮೊಳದಷ್ಟು ಸುಲಿದಿತ್ತು. ತಲೆಯೆತ್ತಿ ನೋಡಿದೆವು: ಎದುರುಬದುರಾಗಿ ಜೋಡಿಸಿಕೊಂಡ ಎಲೆಗಳು, ತೊಟ್ಟಿನ ಬಳಿಯಿಂದಲೇ ಹೊರಟ ಮೂರು ನರಗಳು. ಆ ಕ್ಷಣದಲ್ಲಿ ಕಾಲುಗಳಲ್ಲಿ ಬಲವಿಲ್ಲದಂತಾದುದನ್ನು ಬರೆದು ತಿಳಿಸಲಾರೆವು. ಶಾಲೆಯದ್ದು ನಿಂತಿತು, ಸರಿ. ಆದರೆ ಕೆತ್ತೆ ತಂದವರು ತಮ್ಮ ಮನೆಗೂ ಒಂದು ಪಾಲು ಒಯ್ದಿದ್ದರು.

ಫೋನು ಹತ್ತಲಿಲ್ಲ. ಮಳೆಗಾಲದಲ್ಲಿ ನಮ್ಮ ಕಣಿವೆಯಲ್ಲಿ ಅದು ಹತ್ತುವುದೂ ಒಂದು ಯೋಗ. ಸ್ಕೂಟರಿನಲ್ಲಿ ಹೋಗಿ ಮುಟ್ಟುವಾಗ ಆ ಮನೆಯಲ್ಲಿ ಕಷಾಯ ಸಿದ್ಧವಾಗಿ, ಮನೆಯ ಹಿರಿಯರು ಕ್ರಮದಂತೆ ಮೊದಲಿಗರಾಗಿ ಅರ್ಧ ಲೋಟ ಕುಡಿದಾಗಿತ್ತು. ಮಕ್ಕಳ ಲೋಟಗಳು ಸಾಲಾಗಿದ್ದವು. ಅವನ್ನು ಅಂಗಳಕ್ಕೆ ಚೆಲ್ಲಿದೆವು. ಹಿರಿಯರು ನಗುತ್ತಲೇ, "ಈ ಸಲ ಕಹಿ ಹೆಚ್ಚು ಮಾಸ್ಟ್ರೇ" ಎಂದರು. ಜೀಪು ಬರುವಷ್ಟರಲ್ಲಿ ಅವರ ದವಡೆ ಬಿಗಿಯಿತು, ಬಳಿಕ ಕುತ್ತಿಗೆ, ಬಳಿಕ ಬೆನ್ನು ಬಿಲ್ಲಿನಂತೆ ಸೆಟೆಯಿತು. ಬುದ್ಧಿ ಮಾತ್ರ ಸ್ವಚ್ಛ. ನಡೆಯುವುದೆಲ್ಲ ಅವರಿಗೆ ತಿಳಿಯುತ್ತಿತ್ತು; ಕಣ್ಣು ನಮ್ಮನ್ನೇ ನೋಡುತ್ತಿತ್ತು. ಬಾಗಿಲು ಬಡಿದ ಸದ್ದಿಗೂ ಮೈ ಸೆಟೆಯುತ್ತಿತ್ತು. ವಾಂತಿ ಮಾಡಿಸೋಣವೆಂದು ಯಾರೋ ಉಪ್ಪುನೀರು ತಂದರು. ಅದು ಶ್ವಾಸಕ್ಕೆ ಹೋದರೆ ಅಪಾಯವೆಂದು ತಡೆದೆವು. ಅಂದು ನಾವು ಮಾಡಿದ ಕೆಲಸಗಳಲ್ಲಿ ಸರಿಯಾದುದು ಅದೊಂದು, ಮತ್ತು ಎಲೆಸಹಿತ ಕೊಂಬೆಯನ್ನೂ ಕೆತ್ತೆಯ ತುಂಡನ್ನೂ ಜೊತೆಗೆ ಒಯ್ದುದು ಇನ್ನೊಂದು. ಗಡಿ ದಾಟಿ ಆಸ್ಪತ್ರೆ ಸೇರುವುದಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಕೊಂಬೆಯನ್ನು ಕಂಡ ವೈದ್ಯೆ ಬೇರೇನನ್ನೂ ಕೇಳಲಿಲ್ಲ. ಈ ವಿಷಕ್ಕೆ ಪ್ರತಿವಿಷವೆಂಬುದಿಲ್ಲ. ಸೆಟೆತವನ್ನು ಮದ್ದಿನಿಂದ ತಡೆದು, ಉಸಿರಾಟ ನಿಲ್ಲದಂತೆ ಕಾದು, ಕತ್ತಲೆಯ ಸದ್ದಿಲ್ಲದ ಕೋಣೆಯಲ್ಲಿ ಮಲಗಿಸುವುದೇ ಚಿಕಿತ್ಸೆ. ನಾಲ್ಕನೆಯ ದಿನ ಹಿರಿಯರು ಮನೆಗೆ ಮರಳಿದರು.

ಅವರು ಬದುಕಿದುದರಿಂದ ನಾವು ಇಂದು ಇದನ್ನು ಬರೆಯಬಲ್ಲೆವು. ಗಡಿ ದಾಟಿ ಆಸ್ಪತ್ರೆಗೆ ಹೋಗುವ ನಮ್ಮ ರೂಢಿ ಎಷ್ಟು ತೆಳ್ಳಗಿನ ದಾರದ ಮೇಲೆ ನಿಂತಿದೆಯೆಂಬುದು 2020ರ ಮಾರ್ಚಿಯಲ್ಲಿ ತಲಪಾಡಿಯ ದಾರಿಯನ್ನು ಮುಚ್ಚಿದಾಗ ಎಲ್ಲರಿಗೂ ತಿಳಿಯಿತು. ಆ ಮಾತು ಬೇರೆ.

ಆ ವಾರ ನಮಗೆ ನಿದ್ದೆ ಬರಲಿಲ್ಲ. ತಪ್ಪು ಕತ್ತಲೆಯದ್ದೆಂದರು ಕೆಲವರು, ತಂದವರದ್ದೆಂದರು ಕೆಲವರು. ತಂದವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ನೋಯಿಸಿತು. ಸೋಮವಾರ ಅಡುಗೆಯ ಅಕ್ಕನಲ್ಲಿ, ನಮಗೆ ಗಿಡಗಳನ್ನು ತೋರಿಸಿಕೊಡಬೇಕೆಂದು ಕೇಳಿದೆವು. "ಮಾಸ್ಟ್ರಿಗೆ ನಾನು ಕಲಿಸುವುದೇ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ಮಳೆ ಬಿಟ್ಟ ಶನಿವಾರಗಳಲ್ಲಿ ಮಕ್ಕಳೊಡನೆ ಆಕೆಯ ಹಿಂದೆ ಗುಡ್ಡೆ ಹತ್ತತೊಡಗಿದೆವು.

ಮೊದಲು ಎದುರಾದ ತೊಡಕು ಹೆಸರುಗಳದ್ದು. ಗಡಿನಾಡಿನ ಮಕ್ಕಳ ನಾಲಿಗೆಯಲ್ಲಿ ಮೂರು ನಾಲ್ಕು ಭಾಷೆಗಳು. ಒಂದೊಂದಕ್ಕೆ ಒಂದೊಂದು ಹೆಸರು. ಪಾಲೆಯೆಂದರೆ ಮಲಯಾಳದಲ್ಲಿ ಒಂದೇ ಮರವಲ್ಲ. ನಮ್ಮ ಕೊಡಸಿಗೆ ಅವರಿಗೆ ಕುಡಗಪ್ಪಾಲ. ಪುಟ್ಟ ತರಗತಿಯವರಿಗೆ ಹಾಲೆಯೆಂದರೆ ಅಡಕೆಯ ಹಾಳೆ. ಬ್ರಾಹ್ಮಿಯದ್ದು ಇನ್ನೂ ಗೊಂದಲ: ನಮ್ಮಲ್ಲಿ ಹಲವರು ಒಂದೆಲಗವನ್ನೇ ಬ್ರಾಹ್ಮಿಯೆನ್ನುತ್ತಾರೆ, ಮಲಯಾಳಿಗಳ ಬ್ರಹ್ಮಿ ನೀರ ಬದಿಯಲ್ಲಿ ಹರಡುವ ಸಣ್ಣ ದಪ್ಪೆಲೆಯ ಬೇರೆಯೇ ಗಿಡ. ತಂಬುಳಿಗಾದರೆ ನಷ್ಟವಿಲ್ಲ. ಆದರೆ ಪಾಲೆ, ಕಾಸರಕನ ವಿಷಯದಲ್ಲಿ ಹೆಸರನ್ನು ನಂಬಿ ಕೂರುವಂತಿಲ್ಲ. ಎಲೆ, ಹಾಲು, ಹೂ, ಕಾಯಿ, ಇವಿಷ್ಟನ್ನೂ ಕಣ್ಣಾರೆ ಕಂಡ ಮೇಲೆಯೇ ಹೆಸರು ಬರೆಯಬೇಕೆಂದು ಮಕ್ಕಳ ಪುಸ್ತಕಕ್ಕೆ ನಿಯಮ ಮಾಡಿದೆವು.

ಎರಡನೆಯದು, ಗಿಡಗಳೇ ಇಲ್ಲದಿರುವುದು. ಅಕ್ಕ ಒಂದೊಂದು ತಿರುವಿನಲ್ಲಿ ನಿಂತು "ಇಲ್ಲಿ ಸರ್ಪಗಂಧ ಇತ್ತು", "ಇಲ್ಲಿ ಕೊಡಸಿಗೆಯ ಹೂ ಕೊಯ್ಯುತ್ತಿದ್ದೆವು" ಎನ್ನುತ್ತಿದ್ದರು. ಎಲ್ಲ ಕಡೆಯೂ ಈಗ ರಬ್ಬರು. ಅದರಡಿಯಲ್ಲಿ ಕಳೆ ಬಾರದಂತೆ ಹಬ್ಬಿಸಿದ ಮ್ಯುಕುನ ಬಳ್ಳಿ ನೆಲವನ್ನು ಕಂಬಳಿಯಂತೆ ಮುಚ್ಚಿದೆ. ಅದರ ಕೆಳಗೆ ನೆಲನೆಲ್ಲಿಯೂ ತಲೆಯೆತ್ತದು. ಹಳಬರಿಗೆ ಕುಮ್ಕಿಯ ನೆನಪಿರಬಹುದು. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ತಾಲೂಕು ದಕ್ಷಿಣ ಕನ್ನಡಕ್ಕೆ ಸೇರಿದ್ದಾಗ ಹಳೆಯ ವರ್ಗದ ಭೂಮಿಯವರಿಗೆ ಸುತ್ತಲ ನೂರು ಗಜದ ಸರಕಾರಿ ಗುಡ್ಡೆಯಲ್ಲಿ ಸೊಪ್ಪು, ಸೌದೆ, ಮೇವುಗಳ ಹಕ್ಕಿತ್ತು. ಅದು ಕಾನೂನಿನ ಮಾತು ಮಾತ್ರವಾಗಿರಲಿಲ್ಲ, ತೋಟದ ಜೀವಾಳವಾಗಿತ್ತು. ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಅಡಕೆಯ ಬುಡಕ್ಕೆ, ಗುಡ್ಡೆ ಇಂಗಿಸಿಕೊಂಡ ಮಳೆನೀರು ಸುರಂಗದ ಮೂಲಕ ತೋಟಕ್ಕೆ. ಸೊಪ್ಪು ಸವರುವ ಹೆಂಗಸರಿಗೆ ಯಾವ ಪೊದೆಯನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಗೊತ್ತಿತ್ತು. ಕಾಸರಕನ ಸೊಪ್ಪು ದನದ ಬಾಯಿಗೆ ಬೀಳದಂತೆ ನೋಡಿಕೊಳ್ಳಬೇಕಾದುದರಿಂದಲೇ ನಮ್ಮ ಅಕ್ಕ ಏಳೆಂಟನೆಯ ವಯಸ್ಸಿನಲ್ಲಿ ಆ ಮರವನ್ನು ಗುರುತಿಸಲು ಕಲಿತರಂತೆ. ಕುಮ್ಕಿ ಹೋಯಿತು, ದನ ಹೋಯಿತು, ಸೊಪ್ಪು ಸವರುವವರು ಹೋದರು. ಆ ತಿಳಿವಳಿಕೆಯೊಂದು ಮಾತ್ರ ಉಳಿಯಬೇಕೆಂದು ನಾವು ವೇದಿಕೆಯ ಮೇಲೆ ಬಯಸುತ್ತೇವೆ.

ಇದನ್ನು ಬರೆಯುವಾಗ ಎಂಡೋಸಲ್ಫಾನಿನ ಮಾತನ್ನು ಬಿಡುವುದು ಹೇಗೆ? ನಮ್ಮ ಮಗ್ಗುಲಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಆ ಮದ್ದನ್ನು ಸಿಂಪಡಿಸಿದರು. ನಾವು ಶಾಲೆಯ ಹುಡುಗರಾಗಿದ್ದಾಗ ಅದನ್ನು ನೋಡಲು ಓಡುತ್ತಿದ್ದೆವು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು; ಅದೇ ವರ್ಷ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯೊಡ್ಡಿತು; ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬಂದದ್ದು 2017ರ ಜನವರಿಯಲ್ಲಿ. ಆ ಮನೆಗಳ ಮಕ್ಕಳನ್ನು ಕಂಡವರು ಮದ್ದಿನ ಬಾಟಲಿಯನ್ನು ಕೈಯಲ್ಲಿ ಹಿಡಿಯುವಾಗ ನಡುಗಬೇಕಿತ್ತು. ಆದರೆ ನಾವೇ ನಮ್ಮ ಅಡಕೆ ತೋಟದ ಕಣಿಗಳಿಗೆ ಕೂಲಿಯಾಳು ಸಿಗುವುದಿಲ್ಲವೆಂಬ ನೆವದಿಂದ ಹಲವು ವರ್ಷ ಕಳೆನಾಶಕ ಹೊಡೆಸಿದೆವು. ಹೆಲಿಕಾಪ್ಟರಿನಿಂದ ಬಿದ್ದರೆ ವಿಷ, ನಮ್ಮ ಪಂಪಿನಿಂದ ಬಿದ್ದರೆ ಕೃಷಿಯೇ? 2018ರ ಬಳಿಕ ಅದನ್ನು ನಿಲ್ಲಿಸಿ ಯಂತ್ರದಿಂದ ಹುಲ್ಲು ಸವರಿಸುತ್ತಿದ್ದೇವೆ. ಸವರಿದ ಹುಲ್ಲು ಅಲ್ಲಿಯೇ ಬುಡಕ್ಕೆ. ಖರ್ಚು ಹೆಚ್ಚೆಂಬುದು ನಿಜ. ಮೂರನೆಯ ಮಳೆಗಾಲಕ್ಕೆ ಕಣಿಯ ಬದಿಯಲ್ಲಿ ಒಂದೆಲಗ ತಾನಾಗಿ ಬಂತು. ಮನೆಯಾಕೆ ಅಂಗಡಿಯಿಂದ ಏನೂ ತರದೆ ತಂಬುಳಿ ಮಾಡಿದಳು. ಕೊಳೆರೋಗಕ್ಕೆ ಮಾತ್ರ ಮೈಲುತುತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಬಿಟ್ಟಿಲ್ಲ, ಬಿಡುವ ಧೈರ್ಯವೂ ಇಲ್ಲ. ನೂರು ಲೀಟರಿಗೆ ಒಂದೊಂದು ಕಿಲೋ. ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಮೈಸೂರಿನಲ್ಲಿದ್ದ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ತೋರಿಸಿಕೊಟ್ಟ ದಾರಿ ಇದು. ಸಾವಯವವೆಂದು ಹೇಳಿಕೊಳ್ಳುವ ಮಿತ್ರರು ನಮ್ಮನ್ನು ಕ್ಷಮಿಸಬೇಕು.

ಶಾಲೆಯ ಹಿತ್ತಿಲಲ್ಲಿ ಔಷಧೀಯ ಗಿಡಗಳ ಪಾತಿ ಮಾಡಿದೆವು: ಆಡುಸೋಗೆ, ಅಮೃತಬಳ್ಳಿ, ದೊಡ್ಡಪತ್ರೆ, ನೆಲಬೇವು, ಒಂದೆಲಗ. ಬೇರೆ ಶಾಲೆಯವರು ಬಂದು ನೋಡಿ, ಯಾವ ರೋಗಕ್ಕೆ ಯಾವುದೆಂಬ ಪಟ್ಟಿ ಏಕೆ ಹಾಕಿಲ್ಲವೆಂದು ಕೇಳುತ್ತಾರೆ. ಬೇಕೆಂದೇ ಹಾಕಲಿಲ್ಲ. ಅದಕ್ಕೆ ಕಾರಣ ನಮ್ಮ ತೋಟದಲ್ಲಿಯೇ ದುಡಿಯುವ ಒಬ್ಬರು. ಒಂದು ಮಳೆಗಾಲದಲ್ಲಿ ಅವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗಿ ಆಮೇಲೆ ಹಳದಿ. ಕಾಮಾಲೆಯೆಂದು ಹೇಳಿ ನೆಲನೆಲ್ಲಿಯನ್ನು ಹಾಲಿನಲ್ಲಿ ಅರೆದು ಐದು ದಿನ ಕುಡಿದರು, ಪಥ್ಯವೂ ಆಯಿತು. ಅದು ಇಲಿಜ್ವರವಾಗಿತ್ತು. ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ, ಕಾಲಿನ ಗಾಯಗಳ ಮೂಲಕ ಬರುವ ಈ ಜ್ವರ ಮೊದಲ ದಿನಗಳಲ್ಲಿಯೇ ಮಾತ್ರೆಗೆ ಬಗ್ಗುತ್ತದೆ. ತಡವಾದರೆ ಮೂತ್ರಪಿಂಡವನ್ನೂ ಯಕೃತ್ತನ್ನೂ ಹಿಡಿಯುತ್ತದೆ. ಅವರು ಮೂರು ವಾರ ಆಸ್ಪತ್ರೆಯಲ್ಲಿದ್ದರು. ಈಗ ಮಳೆಗಾಲದಲ್ಲಿ ಕೆಸರಿಗಿಳಿಯುವವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರೋಗ್ಯ ಕೇಂದ್ರದವರೇ ಕೊಡುತ್ತಾರೆ. ಕೇಳಿ ಪಡೆಯುವವರು ಕಡಿಮೆ. ಆಡುಸೋಗೆಯ ಪಾತಿಯ ಪಕ್ಕದ ಗೋಡೆಯಲ್ಲಿ ನಾವು ಬರೆಸಿದ್ದು ಆ ಮಾತ್ರೆಯ ವಿಷಯವನ್ನು.

ಕಟ್ಟೆಯ ಬಳಿಯ ಕಾಸರಕನನ್ನು ಕಡಿಸಬೇಕೆಂದು ರಕ್ಷಕರ ಸಭೆಯಲ್ಲಿ ಒತ್ತಾಯ ಬಂದಿತ್ತು. ಸಭೆ ಬಹಳ ಹೊತ್ತು ನಡೆಯಿತು. ಕೊನೆಗೆ ಎದ್ದು ಮಾತನಾಡಿದವರು ಕಷಾಯ ಕುಡಿದ ಆ ಹಿರಿಯರೇ. "ಮರ ಏನು ಮಾಡಿತು? ಅದು ಅಲ್ಲಿಯೇ ಇತ್ತು. ಅದನ್ನು ಕಡಿದರೆ ನಾಳೆ ಇನ್ನೊಂದನ್ನು ಮಕ್ಕಳು ಗುರುತಿಸುವುದು ಹೇಗೆ?" ಎಂದರು. ಮರ ಉಳಿಯಿತು. ಎರಡು ಮರಗಳಿಗೂ ನಾಲ್ಕು ಭಾಷೆಗಳಲ್ಲಿ ಹೆಸರು ಬರೆದ ಹಲಗೆ ಕಟ್ಟಿದೆವು. ಪ್ರತಿವರ್ಷ ಮಳೆ ಅದನ್ನು ಅಳಿಸುತ್ತದೆ, ಮಕ್ಕಳು ಮತ್ತೆ ಬರೆಯುತ್ತಾರೆ. ಸುಲಿದ ಕಡೆ ಈಗ ಹೊಸ ಕೆತ್ತೆ ಬಂದು, ಹಳೆಯ ಗಾಯದ ಅಂಚು ತುಟಿಯಂತೆ ದಪ್ಪಗಾಗಿದೆ.

ಶಾಲೆಯಲ್ಲಿ ಕಷಾಯ ಹಂಚುವುದನ್ನು ಆ ವರ್ಷವೇ ಬಿಟ್ಟೆವು. ಮೆಂತೆಯ ಗಂಜಿ ಮಾತ್ರ ಇದೆ. ಅಡುಗೆಯ ಅಕ್ಕ ಈಗ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದಾರೆ. ಕಣ್ಣಿಗೆ ಪೊರೆ ಬಂದಿದೆ. ಊರವರಲ್ಲಿ ಕಷಾಯ ಕುಡಿಯುವವರು ಇಂದಿಗೂ ಅಮಾವಾಸ್ಯೆಯ ನಸುಕಿನಲ್ಲಿ ಕೆತ್ತೆಯನ್ನು ಹಿಡಿದುಕೊಂಡು ಮೊದಲು ಆಕೆಯ ಜಗಲಿಗೆ ಹೋಗುತ್ತಾರೆ. ಆಕೆ ನೋಡುವುದಿಲ್ಲ, ತುಂಡನ್ನು ಮುರಿದು ಹೆಬ್ಬೆರಳಿನಿಂದ ಒತ್ತುತ್ತಾರೆ, ಬೆರಳು ಅಂಟಿತೆಂದರೆ "ಹೋಗಿ" ಎನ್ನುತ್ತಾರೆ. ಕಳೆದ ಆಟಿಯಲ್ಲಿ ಆಕೆಯ ಪಕ್ಕದಲ್ಲಿ ಕುಳಿತು ಎಲೆಯ ಕೊಂಬೆಯನ್ನೂ ತಂದಿದ್ದೀರಾ ಎಂದು ಬಂದವರನ್ನೆಲ್ಲ ಕೇಳುತ್ತಿದ್ದವಳು ನಮ್ಮ ಶಾಲೆಯ ಆರನೆಯ ತರಗತಿಯ ಹುಡುಗಿ.